ನೂಲುಮಂಡಿಯ ತಣ್ಣನೆಯ ನೆಲ

ದೊಡ್ಡಬಳ್ಳಾಪುರದ ಹಳೇ ಪೇಟೆ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಸುಮ್ಮನೆ ನಿಂತರೆ ಅಂಗಾಲಿಗೆ ಒಂದು ಸಣ್ಣ ಅದುರು ಹತ್ತುತ್ತದೆ. ಸುತ್ತಲ ಗಲ್ಲಿಗಳ ಮಗ್ಗದ ಸದ್ದು ಕಿವಿಗೆ ಬರುವ ಮೊದಲು ಕಾಲಿಗೆ ಬರುತ್ತದೆ. ಬೀದಿ ಮಾತ್ರ ನಿದ್ದೆಯಲ್ಲಿರುತ್ತದೆ. ವ್ಯಾಪಾರವೆಲ್ಲ ಹೆದ್ದಾರಿಯ ಬದಿಗೆ ಎದ್ದು ಹೋಗಿ ಎಷ್ಟೋ ವರ್ಷವಾಯಿತು. ಹತ್ತು ಅಂಗಡಿ ಎಣಿಸಿದರೆ ಆರಕ್ಕೆ ಬೀಗ. ಆ ಬೀದಿಯ ನಡುಮಧ್ಯೆ ಇರುವ ಹಳೇ ನೂಲುಮಂಡಿಯನ್ನು ಮತ್ತೆ ಬಳಕೆಗೆ ತರುವ ಕೆಲಸ ಒಂದು ಯುಗಾದಿ ಕಳೆದ ವಾರದಲ್ಲಿ ನನ್ನ ಪಾಲಿಗೆ ಬಂತು.

ಮುಂದೆ ಬೀದಿಗೆ ನಾಲ್ಕು ಅಂಗಡಿ, ಅವುಗಳ ನಡುವೆ ಬಾಗಿಲು, ಹಿಂದೆ ಒಂದೇ ದೊಡ್ಡ ಹಜಾರ, ಅದರ ಹಿಂಗೋಡೆಯ ಕೊನೆಯಲ್ಲಿ ಆಚೆ ಬೀದಿಗೆ ಬೀಗ ಬಿದ್ದ ಇನ್ನೊಂದು ಬಾಗಿಲು. ಹಜಾರದಲ್ಲಿ ಹನ್ನೆರಡು ಮರದ ಕಂಬ, ಮೇಲೆ ತೊಲೆಗಳ ಮೇಲೆ ಚಪ್ಪಟೆ ಇಟ್ಟಿಗೆ ಕೂರಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ, ಅದರಲ್ಲಿ ಮೂರು ಬೆಳಕಿಂಡಿ. ಬೆಳಗ್ಗೆ ಮೊದಲ ಕಂಬದ ಮೇಲೆ ಬಿದ್ದ ಬಿಸಿಲು ಒಂದೊಂದೇ ಕಂಬವನ್ನು ಸವರಿಕೊಂಡು ಸಂಜೆಯ ಹೊತ್ತಿಗೆ ಹಿಂಗೋಡೆ ತಲುಪುತ್ತಿತ್ತು. ಹೊರಗೆ ಡಾಂಬರು ಕುದಿಯುವ ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಹಣೆ ತಣ್ಣಗಾಗುತ್ತಿತ್ತು. ನಮ್ಮಜ್ಜಿ ಇಂಥದ್ದಕ್ಕೆ ‘ಮಡಿಲ ತಂಪು’ ಎನ್ನುತ್ತಿದ್ದರು. ನಾನು ಡಿಪ್ಲೊಮಾ ಓದಿದವಳು. ಅದಕ್ಕೆ ‘ಗೋಡೆಯಲ್ಲಿ ತೇವ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮಂಡಿ ಮೂವರು ಅಣ್ಣತಮ್ಮಂದಿರದು. ದೊಡ್ಡವರು ನಿವೃತ್ತ ಮೇಷ್ಟ್ರು. ನನ್ನನ್ನು ಕರೆಸಿದವರು ಅವರೇ. ಕಟ್ಟಡ ಕೆಡವಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸುವವರೊಬ್ಬರು ಕೊಳ್ಳಲು ಕಾದಿದ್ದರು, ತಮ್ಮಂದಿರಿಬ್ಬರಿಗೂ ಮಾರುವ ಮನಸ್ಸು. ಮೇಷ್ಟ್ರು ಒಂದು ಗಡುವು ಬೇಡಿಕೊಂಡಿದ್ದರು. ಆಯುಧಪೂಜೆಯ ಹೊತ್ತಿಗೆ ಗೋಡೆ ಒಣಗಿರಬೇಕು, ಅಂಗಡಿಗಳಿಗೆ ಜನ ಬಂದಿರಬೇಕು. ಆಗದಿದ್ದರೆ ತಾವೂ ರುಜು ಹಾಕುವುದಾಗಿ ಮಾತು ಕೊಟ್ಟಿದ್ದರು. ಮಾತಿಗೆ ತಪ್ಪುವ ಆಸಾಮಿಯಲ್ಲ ಅವರು.

ಹಜಾರದ ಹಿಂಬದಿಯ ಮೂಲೆಯಲ್ಲಿ ಆಗಲೂ ಒಂದು ಕಸುಬು ನಡೆಯುತ್ತಿತ್ತು. ನಾಲ್ವರು ಹೆಂಗಸರು ಸಣ್ಣ ಮೋಟಾರು ಕಟ್ಟಿದ ರಾಟೆಗಳಲ್ಲಿ ರೇಷ್ಮೆ ಎಳೆಯನ್ನು ಲಡಿಯಿಂದ ಬಿಡಿಸಿ ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ಸುತ್ತುತ್ತಿದ್ದರು. ಅವರಲ್ಲಿ ಹಿರಿಯಳನ್ನು ಬೀದಿಯವರೆಲ್ಲ ನೂಲಕ್ಕ ಎನ್ನುತ್ತಿದ್ದರು. ಒಮ್ಮೆ ಬಸ್ ನಿಲ್ದಾಣದ ಹತ್ತಿರ ಶೀಟಿನ ಶೆಡ್ಡೊಂದಕ್ಕೆ ಹೋಗಿ ತಿಂಗಳೊಪ್ಪತ್ತಿನಲ್ಲಿ ರಾಟೆ ಹೊತ್ತುಕೊಂಡು ವಾಪಸು ಬಂದವಳು. ಮಂಡಿ ಕೆಡವಿದರೆ ಅವರಿಗೆ ಬೇರೆ ಜಾಗವಿರಲಿಲ್ಲ. ಕೆಲಸದ ನಡುವೆಯೂ ಅವರು ಇದ್ದುಕೊಳ್ಳಲಿ ಎಂದು ಮೇಷ್ಟ್ರು ಹೇಳಿದ್ದರಿಂದ, ನಾವು ಧೂಳೆಬ್ಬಿಸುವಾಗ ಅವರು ರಾಟೆಗೆ ಹಳೇ ಸೀರೆ ಹೊದಿಸಿ ಮೂಗಿಗೆ ಸೆರಗು ಕಟ್ಟಿಕೊಂಡು ಕೂರುತ್ತಿದ್ದರು.

ಮೊದಲ ತಿಂಗಳೆಲ್ಲ ಗೋಡೆಯ ಮಾತು ಕೇಳುವುದರಲ್ಲೇ ಹೋಯಿತು. ಮರದ ಸುತ್ತಿಗೆಯಿಂದ ಗೇಣಿಗೊಂದು ಕಡೆ ತಟ್ಟುವುದು. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕುವುದು. ಕಂಬಗಳನ್ನು ಮೊಳೆಯಿಂದ ಚುಚ್ಚಿ ನೋಡುವುದು. ತಾರಸಿ ಅಚ್ಚರಿಯಾಗುವಷ್ಟು ಗಟ್ಟಿಯಿತ್ತು. ತಲೆನೋವು ಹಿಂಗೋಡೆಯದು. ನೆಲದಿಂದ ಮೊಣಕಾಲೆತ್ತರದ ತನಕ ಒದ್ದೆ, ಅದೂ ಹನಿ ಮಳೆ ಬೀಳದ ಬೇಸಿಗೆಯಲ್ಲಿ. ಗೋಡೆಗೆ ಪ್ಲಾಸ್ಟಿಕ್ ಹಾಳೆಯ ತುಂಡುಗಳನ್ನು ನಾಲ್ಕೂ ಅಂಚು ಅಂಟಿಸಿ ಬಿಟ್ಟೆ. ಮಾರನೆಯ ಬೆಳಗ್ಗೆ ನೋಡಿದರೆ ಹಾಳೆಯ ಒಳಮೈಯಲ್ಲಿ ಹನಿಗಳು. ಅಂದರೆ ನೀರು ಗಾಳಿಯದಲ್ಲ, ಗೋಡೆಯ ಒಳಗಿನಿಂದ ಬರುತ್ತಿದೆ. ಎಲ್ಲಿಂದ?

ತಾರಸಿಗೆ ನೀರು ಕಟ್ಟಿ ನೋಡಿದೆ, ಸೋರಲಿಲ್ಲ. ನಗರಸಭೆಯ ವಾಟರ್‌ಮ್ಯಾನ್‌ನನ್ನು ಹಿಡಿದು ತಂದು ಬೀದಿಯ ಪೈಪು ತೋರಿಸಿದೆ. ಅದರಲ್ಲಿ ನೀರು ಬರುವುದೇ ವಾರಕ್ಕೊಮ್ಮೆ, ನಿಮ್ಮ ಗೋಡೆಗೆ ದಿನಾ ಎಲ್ಲಿಂದ ಕೊಡೋಣ ಎಂದು ನಕ್ಕು ಹೋದ. ಉಳಿದದ್ದು ಪಕ್ಕದ ಹೋಟೆಲು. ಅವರ ಕೈ ತೊಳೆಯುವ ತೊಟ್ಟಿ ನಮ್ಮ ಗೋಡೆಗೆ ಆನಿಕೊಂಡಿತ್ತು. ಅದರ ನೀರೇ ಇಳಿಯುತ್ತಿದೆ ಎಂದು ನಾನು ಖಡಾಖಂಡಿತ ಹೇಳಿಬಿಟ್ಟೆ. ಹೋಟೆಲಿನವರು ಇಲ್ಲ ಎಂದರು. ಮಾತಿಗೆ ಮಾತು ಬೆಳೆದು, ಕೊನೆಗೆ ಅವರ ಹಿತ್ತಲನ್ನು ಮೂರಡಿ ಅಗೆಸಿದೆ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಹೋಟೆಲಿನವರು ಗುಂಡಿಯೊಳಗೆ ಇಣುಕಿ ನೋಡಿ, “ಅಗೆದಿದ್ದಂತೂ ಆಯ್ತಲ್ಲ ಇಂಜಿನಿಯರಮ್ಮ, ಹಂಗೇ ಒಂದು ತೆಂಗಿನ ಸಸಿ ಇಟ್ಟೋಗಿ,” ಎಂದರು. ಆಮೇಲೆ ವಾರಗಟ್ಟಲೆ, ನಾನು ಕಾಫಿಗೆ ಹೋದಾಗಲೆಲ್ಲ, ಸಸಿ ಬಂತಾ ಎಂದು ಕೇಳುವುದು ಅವರಿಗೊಂದು ಆಟವಾಯಿತು.

ಹಿಂಗೋಡೆಯ ಬುಡದಲ್ಲಿ, ರಾಟೆಗಳ ಪಕ್ಕ, ಏಳೆಂಟು ತೂತು ಕೊರೆದ ಒಂದು ಕಲ್ಲುಹಾಸು ಇದ್ದದ್ದನ್ನು ನಾನು ನೋಡಿಯೇ ಇದ್ದೆ. ಹಳೇ ಕಾಲದ ಬಚ್ಚಲ ಕಿಂಡಿ, ಮುಚ್ಚಿಹೋಗಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಿ ಮುಂದೆ ಹೋಗಿದ್ದೆ.

ನೀರಿನ ಮೂಲ ಸಿಗದಿದ್ದ ಮೇಲೆ, ಮೂಲ ಯಾವುದಾದರೇನು, ದಾರಿ ಮುಚ್ಚಿದರಾಯಿತು ಎಂದು ತೀರ್ಮಾನಿಸಿದೆ. ರಾಟೆಗಳೂ ಆ ತೂತಿನ ಕಲ್ಲೂ ಇದ್ದ ಮೂಲೆಯೊಂದನ್ನು ಬಿಟ್ಟು ಹಳೇ ಗಾರೆ ನೆಲದ ಮೇಲೆಲ್ಲ ಕಾಂಕ್ರೀಟು, ಅದರ ಮೇಲೆ ಟೈಲ್ಸು. ಗೋಡೆಗೆ ಎದೆಮಟ್ಟದವರೆಗೆ ನೀರು ತಡೆಯುವ ರಸಾಯನ ಬೆರೆಸಿದ ಸಿಮೆಂಟು. ಸಾಸಲಿನ ಕಡೆಯಿಂದ ಬರುತ್ತಿದ್ದ ಗಾರೆ ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಸುಣ್ಣದ ಗೋಡೆಗೆ ಸಿಮೆಂಟು ಒಗ್ಗೋದಿಲ್ಲ ಎಂದು ಎರಡು ದಿನ ಗೊಣಗಿ, ಮೂರನೆಯ ದಿನ ಕರಣೆ ಕೆಳಗಿಟ್ಟು ಬೀಡಿ ಹಚ್ಚಿಕೊಂಡು ಕೂತುಬಿಟ್ಟರು. ದಿನ ಎಣಿಸುತ್ತಿದ್ದವಳು ನಾನು. ಸುಣ್ಣ ಅರಳಿಸಿ, ಹದ ಮಾಡಿ, ಬಡಿದು, ಒಣಗಿಸುವಷ್ಟು ವ್ಯವಧಾನ ಎಲ್ಲಿದೆ ಎಂದು ದಬಾಯಿಸಿ ಎಬ್ಬಿಸಿದೆ. ಹಾಕಿದರು. ಟೈಲ್ಸು ಹೊಳೆಯಿತು. ಸಿಮೆಂಟು ಗೋಡೆ ಬೂದು ಬಣ್ಣಕ್ಕೆ ನುಣ್ಣಗೆ ನಿಂತಿತು. ಹತ್ತು ದಿನ ನನ್ನಷ್ಟು ಖುಷಿಯವರು ಪೇಟೆಯಲ್ಲಿ ಇರಲಿಲ್ಲ.

ಮುಂಗಾರು ಹಿಡಿದ ವಾರ ಸಿಮೆಂಟಿನ ಅಂಚಿನ ಮೇಲೆ, ಎದೆಯೆತ್ತರದಲ್ಲಿ, ಒಂದು ಕಪ್ಪು ಗೆರೆ ಕಂಡಿತು. ಮೊಣಕಾಲಿಗಿದ್ದ ತೇವ ಸಿಮೆಂಟಿನ ಹಿಂದೆ ಏರಿ ಅದನ್ನು ದಾಟಿ ಹೊರಬಂದಿತ್ತು. ಟೈಲ್ಸಿನ ಮೇಲೆ ನಡೆದರೆ ಡಬ್ ಡಬ್ ಎನ್ನುತ್ತಿತ್ತು. ಗೋಡೆಗೆ ಹತ್ತಿರದ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಬಾಳೆದಿಂಡಿಗೆ ಇಳಿದ ಹಾಗೆ ಎರಡು ಬೆರಳು ಇಳಿಯಿತು. ಯುಗಾದಿಯ ಹೊತ್ತಿಗೆ ಇದೇ ಕಂಬದಲ್ಲಿ ಮೊಳೆ ಹೋಗಿರಲಿಲ್ಲ.

ಅದೇ ವಾರ ಮೇಷ್ಟ್ರ ನಡುವಿನ ತಮ್ಮ ನೋಡಲು ಬಂದರು. ಗೋಡೆಗೆ ಅಂಗೈ ಒತ್ತಿ, ಆ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡು ಹೇಳಿದರು: “ಅಣ್ಣಾ, ನೀನು ಕಟ್ಟಡ ರಿಪೇರಿ ಮಾಡಿಸ್ತಿಲ್ಲ. ಕೆರೆ ಕಟ್ಟಿಸ್ತಿದೀಯ.”

ಮೇಷ್ಟ್ರು ಬಗ್ಗಿ ಕಂಬದ ಬುಡ ಮುಟ್ಟಿ ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಅದೇ ನನಗೆ ಹೆಚ್ಚು ತಾಗಿತು.

ಕಂಬಕ್ಕೆ ಆಸರೆ ಕೊಡಬೇಕಾಯಿತು. ಅಕ್ಕಪಕ್ಕ ಕಬ್ಬಿಣದ ಆಧಾರ ನಿಲ್ಲಿಸಿ, ಜಾಕಿಯಿಂದ ತೊಲೆಯನ್ನು ಕೂದಲೆಳೆಯಷ್ಟು ಮೇಲೆತ್ತಬೇಕು. ಅವಸರ ಮಾಡಿದರೆ ಮೇಲಿನ ಗಾರೆ ಸೀಳುತ್ತದೆ. ಕಾಲು ಸುತ್ತು ತಿರುಗಿಸುವುದು, ಅರ್ಧ ಗಂಟೆ ಕಾಯುವುದು, ಮತ್ತೆ ಕಾಲು ಸುತ್ತು. ಆವತ್ತು ಐದಕ್ಕೆ ಆಳುಗಳೆಲ್ಲ ಹೊರಟ ಮೇಲೂ ಎರಡು ಸುತ್ತು ಬಾಕಿ ಇದ್ದದ್ದರಿಂದ ನಾನೊಬ್ಬಳೇ ಉಳಿದೆ. ಮಳೆ ನಿಂತಿತ್ತು. ಬೆಳಕಿಂಡಿಯಿಂದ ಇಳಿದ ಸಂಜೆಬಿಸಿಲಿನಲ್ಲಿ ಸಿಮೆಂಟಿನ ಧೂಳು ಮೆಲ್ಲಗೆ ಸುತ್ತುತ್ತಿತ್ತು. ರಾಟೆಗಳ ಗುಂಯ್‌ ಸದ್ದು, ನೆಲದಡಿಯಿಂದ ಬರುತ್ತಿದ್ದ ಗಲ್ಲಿಯ ಮಗ್ಗಗಳ ಸದ್ದು, ಎರಡೂ ಬೆರೆತು ಯಾರೋ ತೊಟ್ಟಿಲು ತೂಗುತ್ತಿದ್ದ ಹಾಗಿತ್ತು. ಇಟ್ಟಿಗೆ ರಾಶಿಗೆ ಒರಗಿದವಳಿಗೆ ಜೊಂಪು ಹತ್ತಿತು.

ನೀರು ಸುರಿಯುವ ಸದ್ದಿಗೆ ಕಣ್ಣು ಬಿಟ್ಟೆ. ಕನಸೆಂದೇ ತಿಳಿದೆ. ನೂಲಕ್ಕ ಒಂದು ಕೊಡವನ್ನು ಸೊಂಟದಿಂದ ಇಳಿಸಿ, ಆ ತೂತುಗಳ ಕಲ್ಲಿನ ಮೇಲೆ ನಿಧಾನವಾಗಿ, ಮಗುವಿನ ತಲೆಗೆ ಹೊಯ್ಯುವ ಹಾಗೆ, ಹೊಯ್ಯುತ್ತಿದ್ದಳು. ಅದು ಮುಗಿದ ಮೇಲೆ ಇನ್ನೊಂದು. ಪಕ್ಕದಲ್ಲಿ ತುಂಬಿದ ಇನ್ನೂ ಎರಡು ಕೊಡ ಇದ್ದವು.

“ಅಕ್ಕಾ, ಏನ್ ಮಾಡ್ತಿದೀಯ?”

“ಮರಳಿಗೆ ನೀರು ಕುಡಿಸ್ತಿದೀನಿ.”

“ಯಾವ ಮರಳು?”

ಅವಳು ನನ್ನನ್ನು ಕನಿಕರದಿಂದ ನೋಡಿದಳು. “ಕೆಳಗಿರೋ ಮರಳು ಕಣಮ್ಮ. ನಿಂಗೊತ್ತಿಲ್ವಾ? ನಮ್ಮತ್ತೆ ಕಾಲದಿಂದ್ಲೂ ಕುಡಿಸ್ತೀವಿ. ಗಾಳಿ ಒಣಗ್ತು ಅಂದ್ರೆ ರೇಷ್ಮೆ ಎಳೆ ಪಟಪಟ ಅಂತ ಕಡೀತದೆ. ಆ ಶೀಟಿನ ಶೆಡ್ಡಲ್ಲಿ ಆಗಿದ್ದೂ ಅದೇ. ದಿನಾ ಸಂಜೆ ಐದರ ಮೇಲೆ ಎಲ್ಡು ಕೊಡ. ಈಗ ನಾಲ್ಕು.”

“ಈಗ್ಯಾಕೆ ನಾಲ್ಕು?”

“ನೀನು ಧೂಳೆಬ್ಬಿಸಿದ್ದಕ್ಕೆ ಎಲ್ಡು ಜಾಸ್ತಿ.”

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಮೂರು ತಿಂಗಳಿಂದ ನೀರು ಎಲ್ಲಿಂದ ಬರುತ್ತಿದೆ ಎಂದು ಊರೆಲ್ಲ ಹುಡುಕುತ್ತಿದ್ದೆನಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

“ನೀನು ಸೋರೋದನ್ನ ಹುಡುಕ್ತಿದ್ದೆ,” ಎಂದಳು ನೂಲಕ್ಕ, ಮೂರನೆಯ ಕೊಡ ಎತ್ತಿಕೊಳ್ಳುತ್ತ. “ಇದು ಸೋರೋದಲ್ಲವಲ್ಲ. ನಾವು ಹಾಕೋದು.”

ಹೋಟೆಲಿನವರನ್ನು ಕೇಳಿದ್ದೆ, ವಾಟರ್‌ಮ್ಯಾನ್‌ನನ್ನು ಕೇಳಿದ್ದೆ, ಹತ್ತು ಹೆಜ್ಜೆ ಆಚೆ ದಿನವಿಡೀ ಕೂತಿರುತ್ತಿದ್ದ ನಾಲ್ವರನ್ನು ಮಾತ್ರ ಕೇಳಿರಲಿಲ್ಲ. ಅವಳಾದರೋ ಇಂಜಿನಿಯರಿಗೆ ಇಷ್ಟೂ ತಿಳಿದಿರುವುದಿಲ್ಲವೇ ಎಂದುಕೊಂಡಿದ್ದಳು.

ಮರುದಿನ ಮೇಸ್ತ್ರಿ ಹಾರೆ ಹಾಕಿ ಕಲ್ಲೆಬ್ಬಿಸಿದರು. ಕೆಳಗೆ ಹಿಂಗೋಡೆಯ ಉದ್ದಕ್ಕೂ ಒಂದೂವರೆ ಮೊಳ ಅಗಲದ ಕಲ್ಲುಕಟ್ಟಿನ ಕಾಲುವೆ, ಅದರ ತುಂಬ ಹೊಳೆಮರಳು. ಮುಟ್ಟಿದರೆ ಬೆಳಗಿನ ಇಬ್ಬನಿಯಷ್ಟು ತಂಪು. ಕಟ್ಟಿದವರು ಬೇಕೆಂದೇ ಮಾಡಿದ ಏರ್ಪಾಟು ಅದು. ಮರಳು ಕುಡಿದ ನೀರು ಗಾರೆ ನೆಲದ ಮೂಲಕ ಹಜಾರದ ಉದ್ದಗಲಕ್ಕೂ ಮೆಲ್ಲಮೆಲ್ಲನೆ ಆವಿಯಾಗಿ ಎದ್ದು ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು; ಗೋಡೆಗೆ ತಾಗುತ್ತಿದ್ದುದು ಮೊಣಕಾಲಿನಷ್ಟು. ನಾನು ನೆಲಕ್ಕೆ ಕಾಂಕ್ರೀಟು ಮುಚ್ಚಿದ್ದೆ. ಹೋಗಲು ಬೇರೆ ಜಾಗವಿಲ್ಲದೆ ನೀರು ಗೋಡೆ ಹತ್ತಿತು, ಕಂಬದ ಬುಡಕ್ಕೆ ನುಗ್ಗಿತು.

ನನ್ನ ಮುಂದೆ ಸುಲಭದ ದಾರಿಯೊಂದಿತ್ತು. ನೂಲಕ್ಕನಿಗೆ ನೀರು ನಿಲ್ಲಿಸು ಎನ್ನುವುದು, ಕಾಲುವೆಗೆ ಕಾಂಕ್ರೀಟು ತುಂಬುವುದು. ಗೋಡೆ ಆಯುಧಪೂಜೆಯೊಳಗೆ ಖಂಡಿತ ಒಣಗುತ್ತಿತ್ತು. ಹಜಾರವನ್ನು ಉಗ್ರಾಣಕ್ಕೆ ಕೇಳಿದ್ದವರೂ ಇದ್ದರು. ನಾಲ್ಕು ರಾಟೆಗಳು ಮಾತ್ರ ಬೀದಿಗೆ ಬರುತ್ತಿದ್ದವು. ಇನ್ನೊಂದು ದಾರಿಯೆಂದರೆ ನಾನು ಹಾಕಿದ್ದನ್ನೆಲ್ಲ ಕಿತ್ತು, ಮಳೆಗಾಲದ ನಡುವೆ, ಮತ್ತೆ ಗಾರೆಯಿಂದ ಶುರು ಮಾಡುವುದು. ಸಮಯಕ್ಕೆ ಮುಗಿಯುತ್ತದೆಂಬ ಖಾತ್ರಿ ಯಾರಿಗೂ ಇರಲಿಲ್ಲ.

ಮೇಷ್ಟ್ರ ಮನೆಗೆ ಹೋಗಿ, ತಪ್ಪು ನನ್ನದೇ ಎಂದು ಮೊದಲು ಹೇಳಿ, ಆಮೇಲೆ ಎರಡು ದಾರಿಗಳನ್ನೂ ವಿವರಿಸಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಬೇರೆ ಕಡೆ ಹೋದರೆ ಆ ಹೆಂಗಸರ ಎಳೆ ಕಡಿಯದೆ ಉಳಿಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ.

“ಹಂಗಾದ್ರೆ ನಮ್ಮ ತಾತ ಈ ಮಂಡೀನ ಯಾವುದಕ್ಕೆ ಕಟ್ಟಿದ್ರೋ ಅದಿನ್ನೂ ನಡೀತಾನೇ ಇದೆಯಲ್ಲಮ್ಮ. ಅದನ್ನ ನಿಲ್ಸಿ, ನಾವು ಬಳಕೆಗೆ ತಂದ್ವಿ ಅಂತ ಬೋರ್ಡು ಹಾಕ್ಕೊಳ್ಳೋದಾ?”

ಅಷ್ಟೇ ಹೇಳಿ ತೀರ್ಮಾನ ನನಗೇ ಬಿಟ್ಟರು. ವಾಪಸು ಬಂದು ಮೇಸ್ತ್ರಿಗೆ ಟೈಲ್ಸು ಕೀಳಿ ಎಂದೆ. ಅವರು ಬೀಡಿ ಆರಿಸಿ, “ಹಾಕ್ವಾಗ ಇದ್ದ ದುಃಖ ಕೀಳ್ವಾಗ ಇಲ್ಲ ಬುಡಮ್ಮ,” ಎಂದರು.

ಕೀಳಲು ಎಂಟು ದಿನ. ಹೋಟೆಲಿನ ಹಿತ್ತಲ ಗುಂಡಿಯಲ್ಲೇ ಸುಣ್ಣ ಅರಳಿ ಹದಕ್ಕೆ ಬರಲು ಎರಡು ವಾರಕ್ಕೂ ಮೇಲೆ. ಅಳಲೆಕಾಯಿ ಜಜ್ಜಿ ಬೆಲ್ಲದೊಡನೆ ಡ್ರಮ್ಮಿನಲ್ಲಿ ನೆನೆಹಾಕಿದೆವು. ಮಂಡಿಯಿಡೀ ಹುಳಿಸಿಹಿ ವಾಸನೆಯಾಗಿ ಜೇನ್ನೊಣಗಳು ಬೆಳಕಿಂಡಿಯಿಂದ ಇಳಿದವು. ಸುಣ್ಣ, ಮರಳು, ಇಟ್ಟಿಗೆ ಪುಡಿಯನ್ನು ಆ ನೀರಿನಲ್ಲಿ ಬೆಣ್ಣೆಯಂತೆ ಅರೆದು ನೆಲಕ್ಕೆ ಹರಡಿದ ಮೇಲೆ ಆರು ಜನ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಹಲಗೆಗಳಿಂದ ಬಡಿದರು. ಬೆಳಗ್ಗೆಯಿಂದ ಸಂಜೆಯವರೆಗೆ, ಐದು ದಿನ. ಎರಡನೆಯ ದಿನದಿಂದ ಅವರ ಬಡಿತ ಮಗ್ಗಗಳ ಬಡಿತಕ್ಕೆ ತಾನಾಗಿ ಕೂಡಿಕೊಂಡಿತು. ಯಾರೂ ಹೇಳಿಕೊಟ್ಟದ್ದಲ್ಲ. ಕೊಳೆತ ಕಂಬದ ಬುಡವನ್ನು ಒಂದು ಮೊಳ ಕೊಯ್ದು, ಕೆಳಗೆ ಕಲ್ಲಿನ ಪಾದ ಕೂರಿಸಿ, ಕಾಲು ಕಾಲು ಸುತ್ತಾಗಿ ಜಾಕಿ ಇಳಿಸಿದೆವು. ಕಾಲುವೆಗೂ ಹಿಂಗೋಡೆಗೂ ನಡುವೆ ಕಲ್ಲುಚಪ್ಪಡಿ ನಿಲ್ಲಿಸಿ ಒಂದು ಕೈ ಹಿಡಿಸುವಷ್ಟು ಸಂದು ಬಿಟ್ಟು, ಆ ಸಂದಿಗೆ ಹೊರಗಿನಿಂದ ಗಾಳಿಕಿಂಡಿ ಕೊಟ್ಟೆ. ಇನ್ನು ನೀರು ನೆಲಕ್ಕೆ ಬರಬಹುದು, ಗೋಡೆ ಹತ್ತುವಂತಿಲ್ಲ. ನೂಲಕ್ಕನ ಜೊತೆ ಒಂದು ಒಪ್ಪಂದವೂ ಆಯಿತು: ಬೇಸಿಗೆಯಲ್ಲಿ ಎರಡು ಕೊಡ, ಮಳೆಗಾಲದಲ್ಲಿ ಒಂದು. ಅರ್ಧ ಕೊಡಕ್ಕಾಗಿ ಅವಳು ಚೌಕಾಸಿ ಮಾಡಿದಳು, ನಾನು ಸೋತೆ.

ಆಮೇಲೆ ಕಾಯುವುದು. ಸೋನೆ ಹಿಡಿದು ಗೋಡೆಯ ಗಾರೆ ಒಣಗಲೊಲ್ಲದು. ಬಾಂಡ್ಲಿಯಲ್ಲಿ ಕೆಂಡ ಇಡೋಣವೇ ಎಂದರೆ ಮೇಸ್ತ್ರಿ ಕಣ್ಣು ಕೆಕ್ಕರಿಸಿದರು. ಬೆಂಕಿ ಕಂಡ ಗಾರೆ ಬಿರಿಯುತ್ತದೆ. ಹೀಗಾಗಿ ನಾನು ದಿನಾ ಹೋಗಿ ಕಂಬದಿಂದ ಕಂಬಕ್ಕೆ ಸರಿಯುವ ಮಂಕು ಬೆಳಕನ್ನು ನೋಡುತ್ತ ಕೂರುತ್ತಿದ್ದೆ. ಅಂಥ ಮಧ್ಯಾಹ್ನಗಳಲ್ಲಿ ಆ ಹಜಾರ ನನ್ನ ಕೆಲಸದ ಜಾಗ ಎಂಬುದೇ ಮರೆಯುತ್ತಿತ್ತು. ದೊಡ್ಡದೊಂದು ಪ್ರಾಣಿಯ ಪಕ್ಕೆಗೆ ಒರಗಿ, ಅದು ಮೈ ಆರಿಸಿಕೊಳ್ಳುವುದನ್ನು ಕಾಯುತ್ತಿರುವ ಹಾಗೆ ಅನಿಸುತ್ತಿತ್ತು.

ಮುಂದಿನ ಅಂಗಡಿಗಳಿಗೆ ಜನ ನಿಧಾನಕ್ಕೆ ಬಂದರು. ತೂಬಗೆರೆಯ ಹೆಂಗಸರ ಸಂಘವೊಂದು ರಾಗಿ ಹುರಿಹಿಟ್ಟು, ಹಪ್ಪಳ ಇಟ್ಟುಕೊಂಡಿತು. ಒಬ್ಬ ದರ್ಜಿ ಬಂದ. ಐದು ನೇಕಾರ ಮನೆಯವರು ಸೇರಿ ತಮ್ಮ ಸೀರೆಗಳನ್ನು ತಾವೇ ಮಾರಲು ಒಂದು ಅಂಗಡಿ ಹಿಡಿದರು. ಕೊಳ್ಳುವವರಿಗೆ ಹಜಾರದ ಮುಂಭಾಗದಲ್ಲಿ ಸೀರೆ ಹರಡಿ ತೋರಿಸುವುದು ಅವರ ಯೋಚನೆ. ಅದನ್ನು ಕೇಳಿ ಇನ್ನೂ ನಾಲ್ಕು ರಾಟೆಗಳು ಹಿಂಬದಿಗೆ ಬಂದು ಸೇರಿದವು. ನಾಲ್ಕನೆಯ ಅಂಗಡಿ ಮಾತ್ರ ಖಾಲಿಯೇ ಉಳಿಯಿತು.

ಆಯುಧಪೂಜೆಯ ಹಿಂದಿನ ದಿನ ತಮ್ಮಂದಿರಿಬ್ಬರೂ ಬಂದರು. ನಡುವಿನವರ ಬ್ಯಾಗಿನಲ್ಲಿ ಕರಾರಿನ ಕಾಗದವಿತ್ತು. ಅವರು ಗೋಡೆಗೆ ಅಂಗೈ ಒತ್ತಿದರು, ಕೈ ನೋಡಿಕೊಂಡರು, ಇನ್ನೊಂದು ಕಡೆ ಒತ್ತಿದರು. ಕೈ ಒಣಗಿಯೇ ಇತ್ತು. ಆದರೆ ಒಂದು ಅಂಗಡಿ ಖಾಲಿಯಿದೆಯಲ್ಲ, ಮಾತು ಮಾತೇ ಎಂದರು. ಮೇಷ್ಟ್ರು ತಲೆಯಾಡಿಸಿ ಜೇಬಿನಲ್ಲಿ ಪೆನ್ನು ತಡಕಿದರು. 

ಕಿರಿಯ ತಮ್ಮ ಸೋಂಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬೈಕಿನಲ್ಲಿ ಬಂದಿದ್ದರು. ಅಣ್ಣಂದಿರು ಮಾತಾಡುತ್ತಿರುವಾಗ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಗಾರೆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು, ಹಿಂದಿನ ಕಂಬಕ್ಕೆ ಒರಗಿ ಕೂತರು. ರುಜುವಿಗೆ ಕರೆಯುವ ಹೊತ್ತಿಗೆ ಅವರಿಗೆ ಗಾಢ ನಿದ್ದೆ.

ಮೇಷ್ಟ್ರು ಎಬ್ಬಿಸಬೇಡ ಎಂದು ಸನ್ನೆ ಮಾಡಿದರು. ಕೊಳ್ಳುವವರ ಕಡೆಯಿಂದ ನಡುವಿನವರ ಫೋನಿಗೆ ಎರಡು ಸಲ ಕರೆ ಬಂತು. ಅವರು ಹೊರಗೆ ಹೋಗಿ ಮಾತಾಡಿ ಬಂದರು. ಅರ್ಧ ಗಂಟೆ ಕಳೆಯಿತು. ನಿದ್ದೆ ಮಾಡುವವರಿಗೆ ತೊಂದರೆಯೆಂದು ನೂಲಕ್ಕ ಎಲ್ಲರಿಗೂ ಕಣ್ಸನ್ನೆ ಮಾಡಿ ಎಂಟೂ ರಾಟೆಗಳ ಮೋಟಾರು ನಿಲ್ಲಿಸಿದಳು.

ಸದ್ದು ನಿಂತದ್ದೇ ತಡ, ಆತ ಗಾಬರಿಯಿಂದ ಎಚ್ಚೆತ್ತರು.

“ಯಾಕಮ್ಮ ನಿಲ್ಸಿದ್ರಿ?”

“ನಿದ್ದೆ ಕೆಡ್ತದೆ ಅಂತ ಕಣಪ್ಪ.”

“ಸದ್ದಿದ್ರೇ ನಿದ್ದೆ ನಂಗೆ. ಚಿಕ್ಕೋನಿದ್ದಾಗ ಇಲ್ಲೇ ಮಲಗ್ತಿದ್ದೆ. ಹಾಕಿ, ಹಾಕಿ.”

ರಾಟೆಗಳು ಮತ್ತೆ ಗುಂಯ್‌ ಎಂದವು. ಆತ ಕೂತಲ್ಲಿಂದಲೇ ಅಂಗೈಯಿಂದ ನೆಲ ಸವರಿದರು. ನಡುವಿನವರು ಕಾಗದ ಮುಂದೆ ಹಿಡಿದರು. ಅದನ್ನು ತೆಗೆದುಕೊಳ್ಳದೆ, ಹಿಂಗೋಡೆಯ ಕೊನೆಯಲ್ಲಿದ್ದ ಮುಚ್ಚಿದ ಬಾಗಿಲ ಕಡೆ ನೋಡಿ, ಅದನ್ನು ಇನ್ನೂ ತೆಗೆದಿಲ್ಲವೇ ಎಂದು ಕೇಳಿದರು. ಪಾಲಾದ ವರ್ಷ ಅದಕ್ಕೆ ಬೀಗ ಹಾಕಿದವನು ನೀನೇ, ಕೀಲಿಯೂ ನಿನ್ನ ಹತ್ತಿರವೇ ಎಂದು ಮೇಷ್ಟ್ರು ಹೇಳಿದರು. ಆತ ಬೈಕಿನ ಕೀಲಿಗೊಂಚಲನ್ನು ತೆಗೆದು ನೋಡಿದರು. ಅದರಲ್ಲೊಂದು ತುಕ್ಕು ಹಿಡಿದ ಉದ್ದ ಕೀಲಿ ಇತ್ತು.

“ಮಾರೋದು ಬ್ಯಾಡಣ್ಣ,” ಎಂದರು ನಡುವಿನವರಿಗೆ, ಎದ್ದು ನಿಲ್ಲುತ್ತ. “ಇದಿಷ್ಟು ತೆಗೀರಿ. ಆ ಕಡೆ ಬೀದಿಯೋರೂ ಬರ್ಲಿ.”

ನಡುವಿನವರು ತಾನೊಬ್ಬನೇ ಏನು ಮಾಡಲಿ ಎಂದು ಗೊಣಗಿ, ಕಾಗದವನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿದರು. ಮೇಸ್ತ್ರಿ ಬೀಗಕ್ಕೆ ರಾಟೆಯ ಎಣ್ಣೆ ಬಿಟ್ಟರು. ಮೂರು ಜನ ಹೆಗಲು ಕೊಟ್ಟ ಮೇಲೆ ಬಾಗಿಲು ನರಳಿಕೊಂಡು ತೆರೆಯಿತು. ಆಚೆ ಬೀದಿಯ ಬಿಸಿಲು ಒಂದೇ ಸಲಕ್ಕೆ ಅಷ್ಟೂ ಕಂಬಗಳ ಮೇಲೆ ಬಿತ್ತು.

ನಾವೆಲ್ಲ ಇನ್ನೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಗಲೇ, ಆ ಕಡೆಯಿಂದ ಹಬ್ಬಕ್ಕೆ ಬೂದುಗುಂಬಳ ಹೊತ್ತ ಒಬ್ಬ ಹೆಂಗಸು ಬಾಗಿಲಲ್ಲಿ ಇಣುಕಿದಳು. ಹಜಾರದಾಚೆ ಪೇಟೆ ಬೀದಿ ಕಾಣುತ್ತಿರುವುದನ್ನು ನೋಡಿ, ಯಾರನ್ನೂ ಏನೂ ಕೇಳದೆ, ಚಪ್ಪಲಿ ಕೈಗೆ ತೆಗೆದುಕೊಂಡು, ನಮ್ಮ ನಡುವೆಯೇ ಹಾದು ಮುಂದಿನ ಬಾಗಿಲಿಂದ ಹೊರಟುಹೋದಳು.